ಒಂಟಿ ಕೂಗಿನ ಗಡಿಯಾರ

ಎಲ್ಲದಕ್ಕೂ ಮೂಲ ಗೋಡೆಯಲ್ಲಿದ್ದ ಒಂದು ಮೊಳೆ.

ಬಾಳೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಗಣಪಯ್ಯನ ಮನೆಯ ಹಜಾರದಲ್ಲಿ, ಹಿಂದೆ ಇದ್ದವರು ಯಾರೋ ಹೊಡೆದುಹೋದ ಮೊಳೆ ಅದು. ಬೇರೆಯವರಾದರೆ ಅದಕ್ಕೊಂದು ಛತ್ರಿಯನ್ನೋ ಪಂಚಾಂಗವನ್ನೋ ಸಿಕ್ಕಿಸಿ ಸುಮ್ಮನಾಗುತ್ತಿದ್ದರು. ಗಣಪಯ್ಯ ಹಾಗಲ್ಲ. ದಿನಾ ಎಸ್ಟೇಟಿನ ಬಿಳಿ ದೊರೆಯ ಬಂಗಲೆಗೆ ಹೋಗಿ ಬರುವ ಮನುಷ್ಯ. ಅಲ್ಲಿನ ಪರದೆ, ನಿಲುವುಗನ್ನಡಿ, ಹುಲಿಪಾದದ ಮೇಜು ಎಲ್ಲ ನೋಡಿ ಮನೆಗೆ ಬಂದರೆ ಈ ಬೋಳು ಮೊಳೆ ಅವನನ್ನು ಅಣಕಿಸುತ್ತಿತ್ತು.

"ಮನೆ ಅಂದ್ಮೇಲೆ ಒಂದು ಲಕ್ಷಣ ಬೇಡ್ವೇನೇ?" ಎಂದು ಹೆಂಡತಿ ಸೀತಮ್ಮನನ್ನು ಕೇಳುತ್ತಿದ್ದ.

"ಲಕ್ಷಣ ಆಮೇಲಾಗ್ಲಿ. ಅಡುಗೆಮನೆ ಮೇಲಿನ ಹಂಚು ಮೊದ್ಲು ಸರಿ ಮಾಡ್ಸಿ" ಎನ್ನುತ್ತಿದ್ದಳು ಅವಳು.

ಅಷ್ಟರಲ್ಲಿ ದೊರೆ ಕೆಲಸ ಬಿಟ್ಟು ವಿಲಾಯಿತಿಗೆ ಹೊರಟ. ಹೋಗುವ ದೊರೆ ಬಂಗಲೆಯ ಸಾಮಾನನ್ನೆಲ್ಲ ಅಂಗಳಕ್ಕೆ ತೆಗೆಸಿ ಹರಾಜು ಹಾಕಿಸುವುದು ಆ ಕಡೆಯ ವಾಡಿಕೆ. ಕಳಸ, ಮೂಡಿಗೆರೆ, ಅತ್ತಿಗುಂಡಿಯಿಂದೆಲ್ಲ ಜನ ಬಂದರು. ಬಿಳಿ ಸ್ನಾನದ ತೊಟ್ಟಿ ಯಾರದೋ ಕೊಟ್ಟಿಗೆ ಸೇರಿ ಎಮ್ಮೆಯ ಕಲಗಚ್ಚಿಗಾಯಿತು. ಜಾಲರಿ ಪರದೆಯನ್ನು ಮೇಸ್ತ್ರಿ ಚೌಡಯ್ಯ ಕೊಂಡ. ಅವನ ಹೆಂಡತಿ ಅದನ್ನು ಒಣಗಲಿಟ್ಟ ಹಪ್ಪಳದ ಮೇಲೆ ಕಾಗೆ ಕೂರದ ಹಾಗೆ ಹೊದೆಸಿದಳು. ಇವೆಲ್ಲ ಬುದ್ಧಿವಂತರ ವ್ಯಾಪಾರ. ನಮ್ಮ ಗಣಪಯ್ಯ ಕೊಂಡದ್ದು ಹಕ್ಕಿ ಗಡಿಯಾರ.

ಪುಟ್ಟ ಮರದ ಮನೆ, ಅದರ ಸುತ್ತ ಕೆತ್ತಿದ ಎಲೆಬಳ್ಳಿ, ಮೇಲೊಂದು ಗಿಣಿಬಾಗಿಲು. ಗಂಟೆಯಾದ ಕೂಡಲೇ ಬಾಗಿಲು ಫಟ್ಟನೆ ತೆರೆದು ಹೆಬ್ಬೆರಳಿನಷ್ಟು ಹಕ್ಕಿ ಹೊರಗೆ ಬಂದು "ಕುಕ್ಕೂ" ಎಂದು ಕೂಗಿ ಒಳಗೆ ಹೋಗುತ್ತಿತ್ತು. ಹರಾಜು ಕೂಗುತ್ತಿದ್ದ ಚಿಕ್ಕಯ್ಯ, "ಜೋಡಿಯಲ್ಲಿ ಉಳಿದಿದ್ದು ಇದೊಂದೇ! ಬೇಗ ಹೇಳಿ!" ಎಂದು ಗಂಟಲು ಹರಿದುಕೊಂಡ. ಹರಾಜಿನವರು ಮುರುಕು ಕುರ್ಚಿಗೂ ಹಾಗೇ ಹೇಳುತ್ತಾರೆ. ಗಣಪಯ್ಯ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಕೈ ಎತ್ತಿದ.

ಹೊತ್ತು ತರಲು ಬಂದ ಆಳು ಭೂತಯ್ಯ ಅರ್ಧ ದಾರಿಯಲ್ಲಿ ಎಡವಿದ. ತಲೆಯ ಮೇಲಿನ ಗಡಿಯಾರ ವಾಲಿದ ಕೂಡಲೇ "ಕುಕ್ಕೂ" ಎಂದಿತು. ಇನ್ನೊಂದು ಸಲ ಅಲುಗಿತು, ಮತ್ತೆ "ಕುಕ್ಕೂ." ಭೂತಯ್ಯ ಅದನ್ನು ಮೆಲ್ಲಗೆ ಕಾಫಿ ಗಿಡದ ಬುಡದಲ್ಲಿಟ್ಟು, "ಅಯ್ಯಾ, ಇದ್ರೊಳಗೆ ಯಾರೋ ಇದಾರೆ" ಎಂದವನೇ ಓಟ ಕಿತ್ತ. ಉಳಿದ ದಾರಿ ರೈಟರೇ ಹೊತ್ತ.

ಮೊದಲ ದಿನ ಕೂಲಿಯಾಳುಗಳ ಲೈನುಮನೆಯವರೆಲ್ಲ ಬಂದು ನೋಡಿ ಕೆನ್ನೆ ಬಡಿದುಕೊಂಡು ಹೋದರು. ಗಣಪಯ್ಯನಿಗೆ ಎದೆ ಉಬ್ಬಿತು. ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಯಾರ ಕಣ್ಣಿಗೂ ನಿದ್ದೆಯಿಲ್ಲ. ಅದೂ ಹೋಗಲಿ ಎಂದರೆ, ಆ ಹಕ್ಕಿ ಗಂಟೆಗೆ ಗಂಟೆಯ ಲೆಕ್ಕದಷ್ಟು ಕೂಗಿದರೂ ಅರ್ಧ ಗಂಟೆಗೆ ಒಂದೇ ಸಲ ಕೂಗುತ್ತಿತ್ತು. ಹೊರಟವನು ಒಂಟಿ ಸೀನು ಕೇಳಿದರೆ ಒಳಗೆ ಬಂದು, ಕೂತು, ನೀರು ಕುಡಿದು ಹೋಗುವ ಊರು ಅದು.

"ಸೀನಾದ್ರೆಂತ, ಕೂಗಾದ್ರೆಂತ? ಒಂಟಿ ಅಂದ್ರೆ ಒಂಟಿನೇ!" ಎಂದು ಪಕ್ಕದ ಮನೆಯ ಕಂಪೌಂಡರ್ ಹೆಂಡತಿ ರಾಮಮ್ಮ ತೀರ್ಪು ಕೊಟ್ಟಳು. ಅಂದಿನಿಂದ ಗಣಪಯ್ಯ ದಿನಾ ನೀರು ಕುಡಿದು ಕುಡಿದು ಆಫೀಸಿಗೆ ತಡವಾಗಿ ಹೋಗತೊಡಗಿದ. ನಿಲ್ಲಿಸಿಬಿಡೋಣ ಎಂದರೆ, ನಿಂತ ಗಡಿಯಾರ ಗೋಡೆಯಲ್ಲಿದ್ದರೆ ಮನೆಗೆ ಕೇಡು ಎಂದು ಸೀತಮ್ಮ ಬಿಡಲಿಲ್ಲ. ಯಾರಿಗಾದರೂ ಕೊಡೋಣ ಎಂದರೆ ಬೇಡುವವರು ಒಬ್ಬರೂ ಇಲ್ಲ.

ಇಂಥ ಹೊತ್ತಿನಲ್ಲಿ ಮಗಳು ತುಂಗಾಳನ್ನು ನೋಡಲು ಕಳಸದ ಕಡೆಯಿಂದ ಬರುತ್ತೇವೆಂದು ಪರಮೇಶ್ವರ ಭಟ್ಟರು ಹೇಳಿಕಳಿಸಿದರು. ಹುಡುಗ ವೆಂಕಟೇಶ ಸ್ಕೂಲು ಮೇಷ್ಟ್ರು. ತುಂಗಾಳಿಗೆ ಹಿಂದೆ ಬಂದ ಎರಡು ಸಂಬಂಧಗಳೂ ತಪ್ಪಿಹೋಗಿದ್ದವು. ಈ ಹುಡುಗನನ್ನು ಅವಳು ಕಳಸದ ಒಂದು ಮದುವೆಯಲ್ಲಿ ನೋಡಿದ್ದಳು. ಪಾಯಸ ಬಡಿಸಲು ಬಂದವನು ಇವಳ ಮುಖ ನೋಡುತ್ತ ಎಲೆ ಬಿಟ್ಟು ನೆಲಕ್ಕೆ ಬಡಿಸಿದ್ದ. "ಇದೊಂದು ಆಗ್ಲಿ ಅಮ್ಮಾ" ಎಂದು ಅವಳೇ ಬಾಯಿಬಿಟ್ಟು ಹೇಳಿದ್ದಳು. ಮಗಳು ಏನನ್ನೂ ಹಾಗೆ ಕೇಳಿದವಳಲ್ಲ.

ಆದರೆ ಭಟ್ಟರು ಶಕುನದ ಮನುಷ್ಯ. ಹಿಂದೆ ಒಂದು ಮನೆಯಲ್ಲಿ ಮಾತುಕತೆಯ ನಡುವೆ ಬೆಕ್ಕು ಸೀನಿತೆಂದು ಕೈಯಲ್ಲಿದ್ದ ಕಾಫಿ ಕೆಳಗಿಟ್ಟು ಎದ್ದು ಹೋದವರು.

ಆ ದಿನ ಬೆಳಗ್ಗೆ ಸೀತಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕೇಳಿದ್ರಾ? ಭಟ್ರು ಬರೋದ್ರೊಳಗೆ ಆ ಪ್ರಾರಬ್ಧ ಕಣ್ಣಿಂದ ಮರೆ ಆಗ್ಬೇಕು. ಇವತ್ತು ಅದೇನಾದ್ರೂ ಬಾಯಿ ಬಿಟ್ರೆ ನಾನು ತವರಿಗೆ ಹೊರಟೆ."

ಗಣಪಯ್ಯ ಗಡಿಯಾರ ಇಳಿಸಿ, ಅದರ ಲೋಲಕ ನಿಲ್ಲಿಸಿ, ಏಣಿ ಹತ್ತಿ ಅಟ್ಟದ ಮೂಲೆಯಲ್ಲಿ ಬುಟ್ಟಿ ಕವುಚಿ ಮುಚ್ಚಿಟ್ಟ. ಕೆಳಗಿಳಿದು ಮೈಮೇಲಿನ ಧೂಳು ಕೊಡವಿಕೊಂಡು ಸ್ನಾನಕ್ಕೆ ಹೋದ. ಅಲ್ಲಿಗೆ ಮುಗಿಯಬೇಕಿತ್ತು.

ಅಡುಗೆಗೆ ಕೈಜೋಡಿಸಲು ಬಂದ ರಾಮಮ್ಮನಿಗೆ ಮೊದಲು ಕಂಡದ್ದೇ ಬರಿ ಮೊಳೆ. "ಅಯ್ಯಯ್ಯೋ, ಗಡಿಯಾರ ಕದ್ರಲ್ಲಪ್ಪೋ! ಬೀಗರು ಬರೋ ದಿನವೇ ಕದ್ರಲ್ಲಪ್ಪೋ!" ಎಂದು ಅವಳು ಇಟ್ಟ ಬೊಬ್ಬೆಗೆ ಮೇಸ್ತ್ರಿ ಚೌಡಯ್ಯ ಆಳುಗಳ ಸಮೇತ ಓಡಿಬಂದ. ಗಣಪಯ್ಯ ಒದ್ದೆ ಪಂಚೆಯಲ್ಲಿ ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಕೊಟ್ಟಿಗೆ, ಕಟ್ಟಿಗೆಮನೆ ಎಲ್ಲ ಶೋಧಿಸಿ ಮುಗಿದು ಚೌಡಯ್ಯ ಅಟ್ಟದ ಏಣಿ ಇಳಿಯುತ್ತಿದ್ದ. ಕಂಕುಳಲ್ಲಿ ಗಡಿಯಾರ. ಮೆಟ್ಟಿಲಿಗೊಂದರಂತೆ "ಕುಕ್ಕೂ."

"ಸಿಕ್ತು ರೈಟ್ರೇ! ಕಳ್ಳ ಅಟ್ಟದಲ್ಲಿ ಬಚ್ಚಿಟ್ಟಿದ್ದ!"

"ಆ ಕಳ್ಳ ನಾನೇ ಮಾರಾಯ! ಮೆತ್ತಗೆ ಇಳಿಸು!" ಎಂದು ಗಣಪಯ್ಯ ತಲೆ ಚಚ್ಚಿಕೊಂಡ.

ಅದೇ ಹೊತ್ತಿಗೆ ಗೇಟಿನ ಹತ್ತಿರ ಎತ್ತಿನ ಗಂಟೆ ಕೇಳಿಸಿತು. ಹಿತ್ತಲಲ್ಲಿ ಕಡುಬಿಗೆಂದು ಹಲಸಿನ ಹಣ್ಣು ಬಿಡಿಸುತ್ತಿದ್ದರು. ಗಣಪಯ್ಯ ಗಡಿಯಾರ ಕಿತ್ತುಕೊಂಡು ಓಡಿಹೋಗಿ, ಅಲ್ಲಿದ್ದ ಹಲಸಿನ ಮೇಣ ಬಾಚಿ ಹಕ್ಕಿಯ ಬಾಗಿಲಿಗೆ ಗಟ್ಟಿಯಾಗಿ ಮೆತ್ತಿದ. ಒಳಕೋಣೆಯ ಹಾಸಿಗೆಯ ಸುರುಳಿಯೊಳಗೆ ಅದನ್ನು ತುರುಕಿದ. ಮೇಣ ಹತ್ತಿದ ಕೈಯಲ್ಲೇ ಬೀಗರಿಗೆ ಕೈ ಮುಗಿಯಲು ಹೋದರೆ ಎರಡೂ ಅಂಗೈ ಅಂಟಿಕೊಂಡು ಬಿಡಲೇ ಇಲ್ಲ. ಬೀಗರು ಒಳಗೆ ಬಂದು ಕೂರುವವರೆಗೂ ಅವನು ಕೈ ಮುಗಿದೇ ಇದ್ದ.

"ಎಷ್ಟು ವಿನಯ ನೋಡು" ಎಂದರು ಭಟ್ಟರು, ಹೆಂಡತಿ ಅಂಜನಮ್ಮನಿಗೆ. ಅಂಜನಮ್ಮ ದೊಡ್ಡದಾಗಿ ಆಕಳಿಸಿದರು. ಅವರ ಕಣ್ಣು ಕೆಂಪಗಿತ್ತು. ವೆಂಕಟೇಶನೂ ಆಕಳಿಸಿದ. ಅವರನ್ನು ನೋಡಿ ಸೀತಮ್ಮನಿಗೂ ಆಕಳಿಕೆ ಬಂತು.

ಭಟ್ಟರ ಕೈಯಲ್ಲಿ ಕೆಂಪು ಶಾಲಿನಲ್ಲಿ ಸುತ್ತಿದ ಒಂದು ಗಂಟು. ಚೌಡಯ್ಯ ಇಸಿದುಕೊಳ್ಳಲು ಹೋದರೆ, "ಬೇಡ ಬೇಡ, ನಾನೇ ಇಟ್ಕೊಳ್ತೇನೆ" ಎಂದು ಕೂಸನ್ನು ಕೂರಿಸಿದ ಹಾಗೆ ಮೆಲ್ಲಗೆ ಚಾಪೆಯ ಮೇಲೆ, ತಮ್ಮ ಮತ್ತು ಮಗನ ನಡುವೆ ಇಟ್ಟುಕೊಂಡರು. ಹುಡುಗಿಗೆ ಸೀರೆ ತಂದಿರಬೇಕು, ಅಂದರೆ ಒಪ್ಪುವ ಮನಸ್ಸಿನಿಂದಲೇ ಬಂದಿದ್ದಾರೆ ಎಂದುಕೊಂಡು ಗಣಪಯ್ಯನಿಗೆ ಸಮಾಧಾನವಾಯಿತು.

ಮಾತು ಚೆನ್ನಾಗಿ ನಡೆಯಿತು. ಜಾತಕ ಕೂಡಿತ್ತು. ತುಂಗಾ ಕಾಫಿ ತಂದಳು. ವೆಂಕಟೇಶ ಅವಳ ಮುಖ ಕಾಣಲೆಂದು ಗಂಟಿಗೆ ಒರಗಿ ಈ ಕಡೆ ವಾಲಿದ. ಅವಳು ಲೋಟ ಕೊಡುತ್ತ ಸಣ್ಣಗೆ ನಕ್ಕಳು.

"ಕುಕ್ಕೂ."

ಒಂದೇ ಒಂದು ಕೂಗು. ಭಟ್ಟರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು, ಒಂದು ಕೈ ಗಂಟಿನ ಮೇಲೆ ಹೋಯಿತು. ಗಂಟು ಎತ್ತಿಕೊಂಡು ಹೊರಟೇಬಿಟ್ಟರು ಎಂದುಕೊಂಡ ಗಣಪಯ್ಯ. ತುಂಗಾಳ ಮುಖ ಸಣ್ಣದಾಗಿಹೋಯಿತು. ಮಗಳ ಆ ಮುಖ ನೋಡಿ ಅವನಿಗೆ ಅಳುವೇ ಬಂತು. ಹಾಳಾದ ಮೊಳೆ, ಹಾಳಾದ ಲಕ್ಷಣ!

ಆಗ ಅಡುಗೆಮನೆಯಿಂದ ಮತ್ತೊಂದು "ಕುಕ್ಕೂ" ಕೇಳಿಸಿತು. ಅದು ರಾಮಮ್ಮನ ಗಂಟಲು. ಒಂಟಿ ಕೂಗಿಗೆ ಜೋಡಿ ಸಿಗಲಿ, ಹುಡುಗಿಯ ಸಂಬಂಧ ಉಳಿಯಲಿ ಎಂದು ಆ ಮಹಾತಾಯಿ ತಾನೇ ಕೂಗಿದ್ದಳು. ಎರಡಾಯಿತು, ಬದುಕಿದೆ ಎಂದುಕೊಂಡ ಗಣಪಯ್ಯ. ಅಷ್ಟರಲ್ಲಿ ಅಂಗಳದಿಂದ ಇನ್ನೊಂದು "ಕುಕ್ಕೂ." ಅದೇ ಒಳ್ಳೆಯ ಬುದ್ಧಿ ಚೌಡಯ್ಯನಿಗೂ ಹೊಳೆದಿತ್ತು. ಅವನ ದನಿಯೋ, ಹಂದಿ ಓಡಿಸಿ ಓಡಿಸಿ ಒಡೆದುಹೋದದ್ದು. ಮೂರಾಯಿತು, ಮತ್ತೆ ಬೆಸ! ಬಾಗಿಲ ಹಿಂದೆ ನಿಂತಿದ್ದ ಸೀತಮ್ಮ ಮಾನ ಮರ್ಯಾದೆ ಎಲ್ಲ ಬಿಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಾಲ್ಕನೆಯದನ್ನು ಕೂಗಿದಳು.

"ಈ ಕಡೆ ಕೋಗಿಲೆ ಜಾಸ್ತಿ ಅಲ್ವಾ?" ಎಂದರು ಅಂಜನಮ್ಮ, ಅವಸರ ಅವಸರವಾಗಿ.

"ಬಹಳ ಜಾಸ್ತಿ!" ಎಂದ ಗಣಪಯ್ಯ.

"ನಾಲ್ಕು. ಸಮ ಸಂಖ್ಯೆ. ಶುಭ" ಎಂದು ಭಟ್ಟರು ಶಲ್ಯದಲ್ಲಿ ಮುಖ ಒರೆಸಿಕೊಂಡರು. "ಇನ್ನು ತಡ ಎಂತಕ್ಕೆ? ನಮಗೆ ಒಪ್ಪಿಗೆ. ತಾಂಬೂಲ ಬದಲಾಯಿಸಿಬಿಡುವ."

ಗಣಪಯ್ಯ ವೀಳ್ಯದೆಲೆ ತರುವ ನೆಪದಲ್ಲಿ ಒಳಕೋಣೆಗೆ ನುಗ್ಗಿ ಹಾಸಿಗೆ ಬಿಚ್ಚಿದ. ಲೋಲಕ ನಿಂತೇ ಇದೆ. ಮೇಣ ಮೆತ್ತಿದ ಹಾಗೇ ಇದೆ. ಬಾಗಿಲು ಕೂದಲಷ್ಟೂ ತೆರೆದಿಲ್ಲ.

"ಸೀತಾ, ಇದು ಬಾಯಿ ಮುಚ್ಕೊಂಡೇ ಕೂಗಿದೆ ಕಣೇ!" ಎಂದ, ಹಿಂದೆಯೇ ಬಂದ ಹೆಂಡತಿಗೆ. ಭೂತಯ್ಯ ಹೇಳಿದ್ದೇ ನಿಜ, ಇದರೊಳಗೆ ಯಾರೋ ಇದ್ದಾರೆ. ಇನ್ನು ಒಂದು ದಿನವೂ ಇದು ಈ ಮನೆಯಲ್ಲಿ ಇರಕೂಡದು. ಯಾರಿಗೆ ಕೊಟ್ಟರೆ ಬೇಡ ಎನ್ನುವುದಿಲ್ಲ? ಥಟ್ಟನೆ ಹೊಳೆಯಿತು. ನಿಶ್ಚಯದ ದಿನ ತಾಂಬೂಲದ ಜೊತೆ ಕೊಟ್ಟ ಉಡುಗೊರೆಯನ್ನು ಯಾರೂ ಬೇಡ ಎನ್ನುವಂತಿಲ್ಲ, ವಾಪಸು ಕಳಿಸುವಂತೆಯೂ ಇಲ್ಲ. ಹಾಗೆ ಮಾಡಿದರೆ ಸಂಬಂಧವನ್ನೇ ತಿರುಗಿಸಿದಂತೆ.

"ಅಲ್ಲಾ, ನಾಳೆ ನಮ್ಮ ತುಂಗಾನೂ ಆ ಮನೆಗೇ ಹೋಗೋಳಲ್ವಾ?" ಎಂದಳು ಸೀತಮ್ಮ.

"ಅವಳಿಗೆ ಅಭ್ಯಾಸ ಆಗಿದೆ" ಎನ್ನುತ್ತ ಗಣಪಯ್ಯ ಪೆಟ್ಟಿಗೆಯಿಂದ ಹಸಿರು ಶಾಲು ಎಳೆದು ಗಡಿಯಾರ ಸುತ್ತತೊಡಗಿದ.

ತಾಂಬೂಲವಾಯಿತು. ಗಣಪಯ್ಯ ಹಸಿರು ಗಂಟನ್ನು ನೆಟ್ಟಗೆ, ಒಂದಿಷ್ಟೂ ವಾಲಿಸದೆ ತಂದು ಭಟ್ಟರ ಕೈಗಿಟ್ಟ. "ನಮ್ಮ ಮನೆಯ ಶೋಭೆ ಇದು. ನಿಮ್ಮ ಮನೆಯಲ್ಲಿರ್ಲಿ. ಊರಿಗೆ ಹೋಗಿ ಬಿಚ್ಚಿ ಆಯ್ತಾ?"

ಭಟ್ಟರೂ ಕೆಂಪು ಗಂಟನ್ನು ಅಷ್ಟೇ ನೆಟ್ಟಗೆ ಎತ್ತಿ ಗಣಪಯ್ಯನ ಕೈಗಿಟ್ಟರು. "ನಮ್ಮ ಕಡೆಯಿಂದ್ಲೂ ಒಂದು ಪ್ರೀತಿಯ ವಸ್ತು. ನಾವು ಗೇಟು ದಾಟಿದ್ಮೇಲೆ ಬಿಚ್ಚಿ."

ಇಬ್ಬರು ಬೀಗರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಮನೆಯಿಂದ ಪೀಡೆ ತೊಲಗಿದ ನಗು ಅದು. ಅಂಜನಮ್ಮ ಗಾಡಿ ಹತ್ತುವಾಗ, "ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡ್ಬೇಕು" ಎಂದು ಮಗನಿಗೆ ಹೇಳುವುದು ಕೇಳಿಸಿತು.

ಗಾಡಿ ಹೊರಟಿತು. ಗಣಪಯ್ಯ ಜಗುಲಿಯಲ್ಲೇ ಗಂಟನ್ನು ತೂಗಿ ನೋಡಿದ. "ಸೀರೆ ಅಲ್ಲ ಕಣೇ, ಭಾರ ಇದೆ. ಬೆಳ್ಳಿ ಪಾತ್ರೆನೇ ಇರ್ಬೇಕು" ಎಂದು ಖುಷಿಯಿಂದ ಕಿವಿಯ ಹತ್ತಿರ ಹಿಡಿದು ವಾಲಿಸಿದ.

"ಕುಕ್ಕೂ" ಎಂದಿತು ಗಂಟು.

ಗಣಪಯ್ಯ ಗಂಟನ್ನು ಜಗುಲಿಯ ಮೇಲಿಟ್ಟು ಕೂತ. ತುಂಗಾ ಬಂದು ಶಾಲು ಬಿಚ್ಚಿದಳು. ಅದೇ ಮರದ ಮನೆ, ಅದೇ ಎಲೆಬಳ್ಳಿ, ಅದೇ ಗಿಣಿಬಾಗಿಲು. ಹರಾಜಿನಲ್ಲಿ ಚಿಕ್ಕಯ್ಯ ಕೂಗಿ ಹೇಳಿದ ಜೋಡಿಯ ಇನ್ನೊಂದು! ಇದರ ಬಾಗಿಲಿಗೂ ಗಟ್ಟಿಯಾಗಿ ಹಲಸಿನ ಮೇಣ ಮೆತ್ತಿತ್ತು. ತುಂಗಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಒಂಟಿ ಸೀನಿಗೆ ಹೆದರುವ ಭಟ್ಟರು ಪಾಪ, ಇದನ್ನು ಮನೆಯಲ್ಲಿಟ್ಟುಕೊಂಡು ಇಷ್ಟು ದಿನ ಹೊಸಿಲು ದಾಟಿದ್ದಾದರೂ ಹೇಗೋ.

ಅಷ್ಟರಲ್ಲಿ ಗೇಟಿನಾಚೆಯ ಮೋರಿಯ ಮೇಲೆ ಗಾಡಿ ಧಡಕ್ಕನೆ ಹತ್ತಿ ಇಳಿಯಿತು. ಗಾಡಿಯೊಳಗಿಂದ "ಕುಕ್ಕೂ" ಎಂದು ಕೇಳಿಸಿತು. ಎತ್ತುಗಳು ನಿಂತವು. ಹಿಂದಿನಿಂದ ಭಟ್ಟರ ರುಮಾಲು ಹೊರಗೆ ಬಂತು, ಆಮೇಲೆ ಭಟ್ಟರ ಮುಖ. ಜಗುಲಿಯಲ್ಲಿ ಗಣಪಯ್ಯ, ಗಾಡಿಯಲ್ಲಿ ಭಟ್ಟರು, ಇಬ್ಬರೂ ಒಬ್ಬರನ್ನೊಬ್ಬರು ತುಂಬ ಹೊತ್ತು ನೋಡಿದರು. ವಾಪಸು ಕೊಡುವಂತಿಲ್ಲ, ಕೇಳುವಂತಿಲ್ಲ. ಕೊನೆಗೆ ಭಟ್ಟರು ಕೈ ಮುಗಿದರು. ಗಣಪಯ್ಯನೂ ಮುಗಿದ. ಗಾಡಿ ಕಳಸದ ದಾರಿ ಹಿಡಿಯಿತು.

ಸೀತಮ್ಮ ಹಜಾರದ ಮೊಳೆಯನ್ನು ತೋರಿಸಿ ಒಳಗೆ ಹೋದಳು. ರಾಮಮ್ಮ ಮಾತ್ರ ಬೆರಳು ಮಡಿಚಿ ಲೆಕ್ಕ ಹಾಕುತ್ತ ಅಡುಗೆಮನೆಯಿಂದ ಹೊರಗೆ ಬಂದಳು.

"ಇಲ್ಲೊಂದು ಕೂಗ್ತು, ಅಲ್ಲೊಂದು ಕೂಗ್ತು. ಜೋಡಿ ಆಯ್ತಲ್ಲ ರೈಟ್ರೇ, ಇನ್ನು ಹೆದರಿಕೆ ಇಲ್ಲ ಬಿಡಿ!"