ಭತ್ತದ ಹೊಟ್ಟಿನ ಬೂದಿ ಮತ್ತು ನಮ್ಮ ಸೋದರಮಾವ

ಬೇಸಿಗೆಯ ಹೊಸಪೇಟೆಯಲ್ಲಿ ಕುಳಿತು ‘ಬಿಸಿ ಸಾಲದು’ ಎಂದು ಕೊರಗುವ ವ್ಯಕ್ತಿ ಒಬ್ಬರೇ ಒಬ್ಬರಿದ್ದು, ಸದರಿಯವರು ನನ್ನ ಸೋದರಮಾವನವರೇ ಆಗಿರುತ್ತಾರೆ ಎಂಬ ಸಂಗತಿಯನ್ನು ಓದುಗರ ಗಮನಕ್ಕೆ ಈ ಮೂಲಕ ತರಬಯಸುತ್ತೇನೆ. ನೆರಳಿಗಾಗಿ ನಾಯಿಗಳೂ ಜಗಳವಾಡುವ ಊರಿನಲ್ಲಿ ಇಂಥವರೊಬ್ಬರು ಇರಲು ಸಾಧ್ಯವೇ ಎಂದು ತಾವು ಕೇಳಬಹುದು. ಸಾಧ್ಯ! ನಮ್ಮ ಮನೆಯಿಂದ ಮೂರನೆಯ ಮನೆಯಲ್ಲೇ ಇದ್ದಾರೆ.

ಮಾವನವರ ದೃಷ್ಟಿಯಲ್ಲಿ ಈ ಲೋಕದಲ್ಲಿ ಅಪರಾಧ ಒಂದೇ: ಬಿಸಿಯನ್ನು ಸುಮ್ಮನೆ ಹೋಗಗೊಡುವುದು. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ ಮೇಲೂ ಅದು ತಣ್ಣಗಾಗುವ ತನಕ ಅದರಡಿಗೆ ಒಂದೊಂದೇ ಕರವಸ್ತ್ರವನ್ನು ನೂಕುತ್ತಾರೆ. ಬೈಕು ನಿಂತೊಡನೆ ಇಂಜಿನ್ನಿನ ಮೇಲೆ ಒದ್ದೆ ಕಾಲುಚೀಲ ಹರಡುತ್ತಾರೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಮ್ಮೆ ತೆರೆದ ಪಾತ್ರೆಯನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ.

“ಮುಚ್ಚಳ ಹಾಕ್ರೀ! ಬಿಸಿ ಹೋಗಾಕತ್ತೈತಿ!”

“ಹೋಗ್ಲಿ ಬಿಡ್ರಿ ಸಾಹೇಬ್ರ,” ಅಂಗಡಿಯವರು ತಲೆ ಎತ್ತದೆ ಹೇಳಿದರು, “ಮೇ ತಿಂಗಳದಾಗ ಬೇಕಾದಷ್ಟು ಬರ್ತೈತಿ.”

ಈ ಸ್ವಭಾವಕ್ಕೆ ತಕ್ಕ ಹುದ್ದೆಯೂ ಅವರಿಗೆ ದೊರಕಿದೆ. ಮಾವನವರು ನಮ್ಮ ಕಡೆಯ ಒಂದು ಉಕ್ಕಿನ ಕಾರ್ಖಾನೆಯ ಸಂಶೋಧನಾ ವಿಭಾಗದಲ್ಲಿದ್ದಾರೆ. ವಿಭಾಗವೆಂದರೆ ಒಂದು ಕೋಣೆ, ಎರಡು ಮೇಜು, ಒಬ್ಬ ಮಾವ. ಕುಲುಮೆಯಿಂದ ಹೊರಟ ಕರಗಿದ ಉಕ್ಕು, ಲೇಡಲ್ ಎಂಬ ಮನೆಯಷ್ಟೆತ್ತರದ ಬಕೆಟ್ಟಿನಲ್ಲಿ ಕುಳಿತು ಎರಕದ ಸರದಿಗಾಗಿ ಕಾಯುತ್ತದೆ. ಕಾಯುವಾಗ ಆರುತ್ತದೆ. ಆರುತ್ತದೆಂದು ಮೊದಲೇ ಅಗತ್ಯಕ್ಕಿಂತ ಹೆಚ್ಚು ಕಾಯಿಸುತ್ತಾರೆ. ಅದಕ್ಕಾಗಿ ಕರೆಂಟು ಸುರಿಯುತ್ತಾರೆ. ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ ಬೆಟ್ಟದಂತೆ ಬಿದ್ದಿರುವ ಭತ್ತದ ಹೊಟ್ಟನ್ನು ಸುಟ್ಟು, ಆ ಬೂದಿಯನ್ನು ಉಕ್ಕಿನ ಮೇಲೆ ಕಂಬಳಿಯಂತೆ ಹೊದಿಸಿದರೆ ಬಿಸಿ ನಿಲ್ಲುತ್ತದೆಂಬುದು ಮಾವನವರ ವಾದ. ಲೋಕಕ್ಕೆ ಇದು ಹೊಸತಲ್ಲದಿದ್ದರೂ ನಮ್ಮ ಕಾರ್ಖಾನೆಗೆ ಹೊಸತು. ಎರಡು ವರ್ಷ ಅರ್ಜಿ ಬರೆದ ಮೇಲೆ ಎಂಜಿನಿಯರ್ ಸಾಹೇಬರು ಒಪ್ಪಿದರು.

“ಒಂದೇ ಒಂದು ಲೇಡಲ್ ಕೊಡ್ತೀನ್ರಿ. ಬಿಸಿ ನಿಲ್ಲಲಿಲ್ಲಂದ್ರ ಈ ಕೋಣಿಗೆ ಬೀಗ, ನೀವು ಸ್ಟೋರ್ಸಿಗೆ. ನಟ್ಟು ಬೋಲ್ಟು ಎಣಿಸ್ಕೊಂತ ಕುಂದ್ರಬೇಕು.”

ಅಂದಿನಿಂದ ಮಾವನವರಿಗೆ ಬೂದಿಯೇ ಉಸಿರು!

ಮೊದಲ ಮಾದರಿಯನ್ನು ಮಣ್ಣಿನ ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಅವರು ಕಂಪ್ಲಿಯಿಂದ ಬಸ್ಸಿನಲ್ಲಿ ಬಂದರು. ನಾನು ಜೊತೆಗಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಗಡಿಗೆಯನ್ನು ನೋಡಿ ಕೈಮುಗಿದರು.

“ಬೂದಿ ಏನಪಾ?”

“ಹೌದುಬೇ ಯಮ್ಮಾ.”

“ಭಾಳ ತ್ರಾಸ್ ಆತೇನು?”

“ಹೂಂ. ಪೂರ್ತಿ ಬೆಳ್ಳಗಾಗೋ ತನಕ ನಾನೇ ನಿಂತು ಸುಟ್ಟೆ. ನಡುವ ನಡುವ ಕೋಲಿಲೆ ಕೆದಕಬೇಕಾತು.”

ಅಜ್ಜಿಯ ಕಣ್ಣು ತುಂಬಿ ಬಂತು. “ಪಾಪ, ಯಾರಪ್ಪಾ ಅವ್ರು?”

“ಸೋನಾ ಮಸೂರಿ,” ಎಂದರು ಮಾವ.

ಅಜ್ಜಿ ತಮ್ಮ ಗಂಟು ಎತ್ತಿಕೊಂಡು ಮುಂದಿನ ಸೀಟಿಗೆ ಹೋದರು.

ಹಸಿ ಬೂದಿ ಕರಗಿದ ಉಕ್ಕಿನ ಮೇಲೆ ಬಿದ್ದರೆ ಸಿಡಿಯುತ್ತದೆಂಬ ಕಾರಣಕ್ಕೆ ಅದನ್ನು ಮಾಳಿಗೆಯ ಮೇಲೆ ಒಣಹಾಕಲಾಯಿತು. ಗಾಳಿ ಬೀಸಿತು. ಪಕ್ಕದಲ್ಲಿ ಒಣಗುತ್ತಿದ್ದ ಅತ್ತೆಯವರ ಸಂಡಿಗೆಗಳೆಲ್ಲ ವಿಭೂತಿ ಧರಿಸಿ ಶಿವಭಕ್ತರಾದವು.

ಆದರೆ ಅತ್ತೆಯವರ ತಾಳ್ಮೆ ನಿಜವಾಗಿ ತಪ್ಪಿದ್ದು ನನ್ನ ಬಸುರಿ ತಂಗಿಯ ಕುಬುಸದ ದಿನ. ಅನ್ನ ಅರೆಬೆಂದಿದ್ದಾಗಲೇ ಮಾವನವರು ಒಲೆ ಆರಿಸಿ, ಹಂಡೆಯ ಸುತ್ತ ಬೂದಿಯ ಚೀಲಗಳನ್ನು ಪೇರಿಸಿಬಿಟ್ಟಿದ್ದರು!

“ಏನ್ರೀ ಇದು! ಬೀಗರು ಎಲಿ ಮುಂದ ಕುಂತಾರ!”

“ಕುಂದ್ರಲಿ. ಇನ್ನಾ ಹದಿನೇಳು ನಿಮಿಷ ಐತಿ.”

“ಅನ್ನಕ್ಕ ಗಡಿಯಾರ ನೋಡಾಕ ಬರ್ತೈತೇನ್ರೀ?”

ಹದಿನೇಳು ನಿಮಿಷಗಳ ನಂತರ ಹಂಡೆ ತೆರೆದರೆ ಅನ್ನ ಮಲ್ಲಿಗೆಯಂತೆ ಅರಳಿತ್ತು. ಬಿಸಿ ಎಷ್ಟು ಭದ್ರವಾಗಿ ಉಳಿದಿತ್ತೆಂದರೆ, ಮೊದಲ ತುತ್ತಿಗೆ ಕೈಹಾಕಿದ ಬೀಗರು ಬೆರಳು ಊದಿಕೊಳ್ಳುತ್ತ ಎದ್ದೇ ನಿಂತರು. ಅತ್ತೆಯವರು ಓಡಿಬಂದು ಬೀಸಣಿಗೆ ಹಿಡಿದರೆ ಮಾವನವರು ಅಡ್ಡ ಬಂದರು: “ಗಾಳಿ ಹಾಕಬ್ಯಾಡ! ಬಿಸಿ ಹೋಗ್ತೈತಿ!”

ಹೀಗಿರುವಲ್ಲಿ ಪರೀಕ್ಷೆಯ ದಿನ ಬಂತು. ನನ್ನ ಅಕ್ಷರ ದುಂಡಗಿದೆಯೆಂಬ ಒಂದೇ ಅರ್ಹತೆಯ ಮೇರೆಗೆ, ಉಷ್ಣಾಂಶ ಬರೆದುಕೊಳ್ಳಲು ನನಗೂ ಗೇಟ್ ಪಾಸ್ ಮಂಜೂರಾಯಿತು. ಹೆಲ್ಮೆಟ್ಟಿನೊಳಗೆ ನನ್ನ ಬೆವರು ಹರಿಯುತ್ತಿದ್ದರೆ ಮಾವನವರು ಮದುವೆಮನೆಯ ಯಜಮಾನರಂತೆ ಓಡಾಡುತ್ತಿದ್ದರು. ಸ್ಟೋರ್ಸಿನ ಭಯ ಅವರಿಗಿತ್ತೇ? ಇದ್ದರೂ ಮುಖದಲ್ಲಿ ಕಾಣಲಿಲ್ಲ.

ಲೇಡಲ್ ಬಂದು ನಿಂತಿತು. ಅದರ ಬಾಯಿಂದ ಹೊಮ್ಮಿದ ಬೆಳಕಿಗೆ ಇಡೀ ಶೆಡ್ಡು ಕೆಂಪಾಯಿತು. ಬೂದಿಯ ಚೀಲಗಳು ಒಂದೊಂದಾಗಿ ಬಿದ್ದವು. ನೋಡನೋಡುತ್ತಿದ್ದಂತೆ ಆ ಕೆಂಪು ಕಣ್ಣು ರೆಪ್ಪೆ ಮುಚ್ಚಿಕೊಂಡಿತು. ಲೇಡಲ್ಲಿನ ಪಕ್ಕದ ಕಟ್ಟೆಯ ಮೇಲೆ ನಿಂತು ಉದ್ದನೆಯ ಸಲಾಕೆಯಿಂದ ಉಷ್ಣಾಂಶ ಅಳೆಯುವ ಕೆಲಸಗಾರರೊಬ್ಬರು ಐದೈದು ನಿಮಿಷಕ್ಕೆ ಅಂಕಿ ಕೂಗಿದರು, ನಾನು ಬರೆದೆ. ಎಂದಿನ ಲೆಕ್ಕದಲ್ಲಿ ಉಕ್ಕು ಇಷ್ಟು ಹೊತ್ತಿಗೆ ಸಾಕಷ್ಟು ಆರಿರಬೇಕಿತ್ತು. ಎಂಜಿನಿಯರ್ ಸಾಹೇಬರು ನನ್ನ ಹಾಳೆಯನ್ನು ಕಸಿದುಕೊಂಡು ಎರಡು ಸಲ ಓದಿದರು.

“ನಿಂತೈತಲ್ರೀ! ಇನ್ನ ಮುಂದ ಎಲ್ಲಾ ಲೇಡಲ್ಲಿಗೂ ಹಾಕೋಣ. ಬರ್ರಿ, ಸಹಿ ಮಾಡ್ರಿ!”

ಮಾವನವರು ಅಲ್ಲಿರಲಿಲ್ಲ.

ಅವರು ಕಟ್ಟೆಯ ಹತ್ತಿರ ಹೋಗಿದ್ದರು. ಸಲಾಕೆ ಹಿಡಿದಿದ್ದವರು ಆಗ ತಾನೇ ಮೆಟ್ಟಿಲಿಳಿದು ಬಂದಿದ್ದರು. ಮರಿಯಮ್ಮನಹಳ್ಳಿಯವರು, ಹನ್ನೆರಡು ವರ್ಷದಿಂದ ಅದೇ ಜಾಗದಲ್ಲಿ ನಿಂತವರು. ಮುಖದ ಗಾಜನ್ನು ಮೇಲೆತ್ತಿದಾಗ ನೋಡಿದೆ: ಲೇಡಲ್ಲಿನ ಕಡೆಗಿರುವ ಬಲಗೆನ್ನೆ ಎಡಗೆನ್ನೆಗಿಂತ ಬಹಳ ಕಪ್ಪಾಗಿತ್ತು.

ಥರ್ಮಾಮೀಟರಿಲ್ಲದೆ ಹಾಲೂ ಕುಡಿಯದ ನಮ್ಮ ಮಾವನವರು ಕೈಗವಸು ಕಳಚಿ, ಮಗುವಿನ ಜ್ವರ ನೋಡುವಂತೆ ಆ ಕೆನ್ನೆಗೆ ಅಂಗೈಯ ಹಿಂಬದಿ ಇಟ್ಟರು.

“ಇವತ್ತು ಹೆಂಗ ತಮ್ಮಾ? ಬೂದಿ ಮುಚ್ಚಿದ ಮ್ಯಾಲ ಉರಿ ಕಡಿಮಿ ಆತೇನು?”

“ಇವತ್ತು ಅಷ್ಟು ಉರೀಲಿಲ್ರಿ ಅಣ್ಣಾರ. ಗಾಜು ಸರಿಸಿ ಒಂದೀಟು ನೀರು ಕುಡಿದೆ ನೋಡ್ರಿ, ಅಲ್ಲೇ ನಿಂತು.”

“ಜಲ್ದಿ ಬರ್ರಿ!” ಸಾಹೇಬರು ಕಾಗದ ಬೀಸುತ್ತಿದ್ದರು.

ಮಾವನವರು ಕೈ ತೆಗೆಯಲೇ ಇಲ್ಲ.