ದೇವರ ಬಲ, ನನ್ನ ಎಡವಟ್ಟು

ಹೆಂಡತಿ ‘ಬೇಡ’ ಅಂದರೆ ಹೆದರಬೇಕಿಲ್ಲ, ಅದು ದಿನಾ ಕೇಳುವ ಮಾತು. ಆದರೆ ‘ಆಗಲಿ, ಮಾಡಿ’ ಅಂದಳೋ, ಕೂಡಲೇ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡಬೇಕು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಎಷ್ಟು ಚೌಕಾಸಿ ಮಾಡುತ್ತಾನೆಂದು ಹೇಳಬಲ್ಲ ಈ ನಂಜುಂಡಸ್ವಾಮಿಗೆ, ಸರಗೂರಿನ ಹಳೇ ದಿನಸಿ ವ್ಯಾಪಾರಿಗೆ, ಇಷ್ಟು ತಿಳಿಯಲಿಲ್ಲ ನೋಡಿ.

ಆಗಿದ್ದಿಷ್ಟು. ಭಾನುವಾರ ಬಂತೆಂದರೆ ಬೀಚನಹಳ್ಳಿ ರಸ್ತೆಯಲ್ಲಿ ಕಾರುಗಳ ಸಾಲು. ಎಲ್ಲರೂ ರೆಸಾರ್ಟಿಗೆ ಹೋಗುವವರು, ಎಲ್ಲರೂ ಹಸಿದವರು. ಅಲ್ಲೊಂದು ತಿಂಡಿ ಹೋಟೆಲ್ ಹಾಕಿದರೆ? ಯೋಚನೆ ತಲೆಗೆ ಹೊಕ್ಕಿದ್ದೇ ತಡ, ಅಂಗಡಿಗೆ ಬಂದವರಿಗೆಲ್ಲ ಬೇಳೆಯ ಜೊತೆ ಈ ಸುದ್ದಿಯನ್ನೂ ಕಟ್ಟಿಕೊಟ್ಟೆ. (ಸುದ್ದಿಯ ತೂಕದಲ್ಲಿ ಮಾತ್ರ ನಾನು ಎಂದೂ ಕಡಿಮೆ ಮಾಡಿದವನಲ್ಲ.)

ಸಂಜೆ ಮನೆಯಲ್ಲಿ ಮಹಾಯೋಜನೆಯನ್ನು ಮಂಡಿಸಿದೆ.

“ಬೆಳಗಿನ ಜಾವ ನೀನೆದ್ದು ಚಟ್ನಿ, ಸಾಂಬಾರು ಮಾಡಿಟ್ಟು ಸ್ಕೂಲಿಗೆ ಹೋಗು. ಅವ್ವ ಗಲ್ಲಾದಲ್ಲಿ ಕೂತ್ಕೊಳ್ಳಲಿ. ಪುಟ್ಟಿ ಓದ್ಕೊಂಡೇ ಟೋಕನ್ ಕೊಡ್ತಾಳೆ.”

“ನೀವು?”

“ನಾನು ಮೇಲ್ವಿಚಾರಣೆ.”

ನನ್ನ ಹೆಂಡತಿ ವಾಣಿಶ್ರೀ ಶಾಲಾ ಶಿಕ್ಷಕಿ. ತಪ್ಪು ಉತ್ತರ ಓದಿ ಓದಿ ಅಭ್ಯಾಸವಾಗಿ ಸಿಟ್ಟು ಮಾಡಿಕೊಳ್ಳುವುದನ್ನೇ ಬಿಟ್ಟಿದ್ದಾಳೆ. “ಆಗಲಿ, ಮಾಡಿ. ಆದ್ರೆ ಮೊದ್ಲು ಒಂದು ವಾರ ಮನೇಲಿ ನೀವೇ ತಿಂಡಿ ಮಾಡಿ ತೋರಿಸಿ. ನಾವೇ ಗಿರಾಕಿಗಳು” ಅಂದಳು.

ಪಡಸಾಲೆಯಿಂದ ನಮ್ಮವ್ವ ಸುಂದ್ರಮ್ಮನ ದನಿ: “ಮಾಡ್ಲಿ ಬುಡವ್ವ. ಮೇಲ್ವಿಚಾರ್ಣೆ ನಾನ್ ನೋಡ್ಕತೀನಿ.”

ಮೊದಲ ದಿನದ ಇಡ್ಲಿಯನ್ನು ಕೈಯಲ್ಲಿ ತೂಗಿ ನೋಡಿದ ಮಗಳು ಪುಟ್ಟಿ, “ಅಪ್ಪಾ, ಇದನ್ನ ಅಂಗಡೀಲಿ ತೂಕದ ಕಲ್ಲು ಮಾಡ್ಕೊಳ್ಳಿ” ಅಂದಳು. ಮರುದಿನದ ಉಪ್ಪಿಟ್ಟು ನೋಡಿ ಅವ್ವ, “ಏನ್ಲಾ ಇದು, ತಿನ್ನಾಕೋ, ಗ್ವಾಡೆಗೆ ಮೆತ್ತಾಕೋ?” ಅಂದಳು. ನನಗೂ ಹಟ ಬಂತು. ವಾರ ಮುಗಿಯುವಷ್ಟರಲ್ಲಿ ಉಪ್ಪಿಟ್ಟು ಉದುರುದುರಾಗಿ ಬಂತು. “ಪರ್ವಾಗಿಲ್ವಲ್ಲಾ” ಅಂತ ಅವ್ವ ಎರಡನೇ ಸಲ ಹಾಕಿಸಿಕೊಂಡಳು. ನಾನೋ ಹಿಗ್ಗಿದೆ. (ಹಿಗ್ಗಬಾರದಿತ್ತು.)

ಉಪ್ಪಿಟ್ಟು ಉದುರಾಯಿತು, ನಾನು ಮುದ್ದೆಯಾದೆ. ಅಂಗಡಿಯಲ್ಲಿ ಅಕ್ಕಿ ಮೂಟೆಗೆ ಒರಗಿದರೆ ಸಾಕು, ನಿದ್ದೆ. ಗಿರಾಕಿ ಚಿಕ್ಕಮಾದು ಅಲುಗಾಡಿಸಿ ಎಬ್ಬಿಸಿದ: “ಸ್ವಾಮಣ್ಣ, ಸಕ್ಕರೆ ಕೇಳುದ್ರೆ ಉಪ್ಪು ಕಟ್ಟಿದ್ದೀಯಲ್ಲ! ಅದಿರ್ಲಿ, ಓಟ್ಲು ಯಾವಾಗ ಸುರು?”

ಮನೆಯವರಿಗೆ ಮಾಡಿಯೇ ಈ ಗತಿ, ಇನ್ನು ರಸ್ತೆಗೆಲ್ಲ ಮಾಡಿದರೆ ಕಾಯಂ ಮಲಗಿಬಿಡುತ್ತೇನೆ. ಆದರೆ ಕೈಬಿಟ್ಟೆ ಅಂತ ಹೇಗೆ ಹೇಳಲಿ? ಊರಿಗೆಲ್ಲ ಡಂಗುರ ಹೊಡೆದವನು ನಾನೇ. ಮಾನ ಉಳಿಸಲು ದೇವರೇ ಬೇಕು.

ನಮ್ಮ ವೀರಭದ್ರನ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ದೇವರ ಮುಡಿಯ ಹೂವು ಬಲಕ್ಕೆ ಬಿದ್ದರೆ ಅಪ್ಪಣೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ದೇವರೇ ಬೇಡ ಅಂದಮೇಲೆ ಊರು ಕಮಕ್ ಕಿಮಕ್ ಅನ್ನುವಂತಿಲ್ಲ. ಸೋಮವಾರ ಹೋಗಿ ನಿಂತೆ. ವಾಣಿಯೂ ಬಂದು ಪಕ್ಕದಲ್ಲಿ ಕಣ್ಣು ಮುಚ್ಚಿದಳು.

‘ಅಪ್ಪಾ, ಹೋಟೆಲ್ ಹಾಕಲೇ? ಬೇಡ ಅನ್ನುವುದಾದರೆ ಎಡಕ್ಕೆ ಕೊಡು. (ಬೇಡ ಅನ್ನು. ಬೇಗ ಅನ್ನು, ಅಂಗಡಿ ಬಾಗಿಲು ತೆಗೆಯಬೇಕು.)’

ಹೂವು ಮೆಲ್ಲಗೆ ಜಾರಿ ಬಿತ್ತು.

“ಎಡ! ಎಡ!” ಅಂತ ಗುಡಿಯೆಲ್ಲ ಕೇಳುವ ಹಾಗೆ ಕೂಗಿದೆ. “ದೇವರು ಬೇಡ ಅಂದ, ಅಯ್ನೋರೆ!”

ಪೂಜೆ ಮಾಡುತ್ತಿದ್ದ ಮುದ್ದಯ್ಯನವರು ನನ್ನನ್ನು ಕನಿಕರದಿಂದ ನೋಡಿದರು. “ಅದು ನಿಮ್ಮ ಎಡ, ಸ್ವಾಮಿ. ದೇವ್ರು ನಮ್ಮ ಕಡೀಕೆ ಮುಖ ಮಾಡ್ಕೊಂಡವ್ನಲ್ಲ, ಅವನ ಬಲ ಇದು. ಅಪ್ಪಣೆ ಆಗೈತೆ!”

ದೇವರ ಬಲ ಕಂಡು ನನ್ನ ಬಲ ಉಡುಗಿತು. ಆಗ ವಾಣಿ ಕಣ್ಣು ಬಿಟ್ಟಳು.

“ಅಯ್ನೋರೆ, ಆ ಹೂವು ಯಾರಿಗೆ ಕೊಟ್ಟಿದ್ದು? ನಾನೂ ಒಂದು ಕೇಳ್ಕೊಂಡಿದ್ದೆ.”

“ಏನಂತ ತಾಯಿ?”

“ಇವರು ಹೋಟೆಲ್ ಹುಚ್ಚು ಬಿಡಲಿ, ಮನೆ ತಿಂಡಿ ಮಾತ್ರ ಬಿಡದೆ ಮಾಡ್ಕೊಂಡು ಬರಲಿ ಅಂತ.”

ಮುದ್ದಯ್ಯನವರು ತಲೆ ಕೆರೆದುಕೊಂಡರು. “ಒಂದೇ ಹೂವು, ಇಬ್ಬರು ಭಕ್ತರು. ಯಾರ್ದು ಅಂತ ನೀವೇ ಮಾತಾಡ್ಕೊಂಡು ಹೇಳಿ.”

ವ್ಯಾಪಾರದವನ ತಲೆ ಗಿರ್ರನೆ ತಿರುಗಿತು. ಹೂವು ನನ್ನದಾದರೆ ರಸ್ತೆಗೆಲ್ಲ ಚಟ್ನಿ ರುಬ್ಬಬೇಕು. ಅವಳದಾದರೆ ನಾಲ್ಕು ಜನಕ್ಕೆ ಉಪ್ಪಿಟ್ಟು.

“ಅವಳ್ದೇ ಅಯ್ನೋರೆ! ಪೂರ್ತಿ ಅವಳ್ದೇ. ನಾನೇನೂ ಕೇಳ್ಕೊಂಡೇ ಇಲ್ಲ!”

ವಾಣಿ ಹೂವನ್ನು ಮುಡಿದುಕೊಂಡಳು. ಎದೆಯ ಮೇಲಿಂದ ಮೂಟೆ ಇಳಿಸಿದಂತಾಗಿ ನಾನು ಸಿಳ್ಳೆ ಹಾಕುತ್ತ ಅಂಗಡಿಗೆ ಹೋದೆ. ಚಿಕ್ಕಮಾದು ಮತ್ತೆ ವಿಚಾರಿಸಿದಾಗ, “ದೇವರ ಅಪ್ಪಣೆ ಆಗಲಿಲ್ಲ ಕಣ್ಲಾ” ಅಂದೆ, ಗಂಭೀರವಾಗಿ. ಪಾಪ, ಅವನು ಗುಡಿಯ ದಿಕ್ಕಿಗೆ ಕೈ ಮುಗಿದ. ನನ್ನ ಮಾನವೂ ಉಳಿಯಿತು.

ಅಷ್ಟರಲ್ಲಿ ಅವ್ವನ ಫೋನು.

“ನಂಜುಂಡಾ, ಬರೋವಾಗ ಅಕ್ಕಿ ಹಿಟ್ಟು ತಗಂಬಾ. ನಾಳೀಕ್ ರೊಟ್ಟಿ. ನಿನ್ ಕೈರುಚಿ ಸುದ್ದಿ ಕೇಳಿ ನನ್ ತಂಗಿ ಮನೇರೆಲ್ಲ ಬತ್ತಾವ್ರೆ.”

“ಎಲ್ಲ ಅಂದ್ರೆ ಎಷ್ಟು ಜನ ಅವ್ವ?”

“ಲೆಕ್ಕ ಯಾಕ್ಲಾ? ವೀರಭದ್ರನೇ ಅಪ್ಪಣೆ ಕೊಟ್ಟವ್ನಂತಲ್ಲ!”