ಹೊಸತೊಡಕಿನ ಬಿಪಿ ಮಿಷನ್

ರಾಮಾಂಜಿನಪ್ಪನ ಅವತ್ತಿನ ಪಾಡಿಗೆಲ್ಲ ಕಾರಣ ಒಂದು ಬಿಪಿ ಮಿಷನ್. ಅದನ್ನು ಮೆಡಿಕಲ್ ಸ್ಟೋರಿನಿಂದ ಅವನೇ ತಂದಿದ್ದ. ಹಾಗಾಗಿ ಇನ್ನೊಬ್ಬರನ್ನು ಬೈಯುವ ಸುಖವೂ ಅವನಿಗಿರಲಿಲ್ಲ.

ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ರಾಮಾಂಜಿನಪ್ಪನಿಗೆ ಸಕ್ಕರೆ ಕಾಯಿಲೆ ಹಳೆಯದು. ಹೆಂಡತಿಯ ಜೊತೆ ಹೊಂದಿಕೊಂಡ ಹಾಗೆ ಅದರ ಜೊತೆಗೂ ಹೊಂದಿಕೊಂಡಿದ್ದ. ಯುಗಾದಿಗೆ ಮುಂಚೆ ತೋರಿಸಲು ಹೋದಾಗ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, "ಶುಗರ್ ಇರೋರಿಗೆ ಬಿಪಿನೂ ಸೇರ್ಕೊಂಡ್ರೆ ಕಿಡ್ನಿಗೆ, ಕಣ್ಣಿಗೆ ಒಳ್ಳೇದಲ್ಲ. ಇಲ್ಲಿ ನನ್ನ ನೋಡಿ ಗಾಬರಿಗೆ ಜಾಸ್ತಿ ಬರ್ತಿರ್ಬೋದು. ಒಂದು ಮಿಷನ್ ತಗೊಂಡು ಮನೇಲಿ ನೋಡ್ಕೊಳ್ಳಿ. ಮೇಲಿನ ನಂಬರು ನೂರಾ ಮೂವತ್ತೈದರೊಳಗೆ ಇರ್ಬೇಕು," ಎಂದಿದ್ದರು. ಹೇಳಿದ್ದು ರಾಮಾಂಜಿನಪ್ಪನಿಗೆ. ಕೇಳಿಸಿಕೊಂಡದ್ದು ಪಕ್ಕದಲ್ಲಿ ಕೂತಿದ್ದ ಅನಸೂಯ.

ಅನಸೂಯಳದು ಬರೀ ಹಟವಲ್ಲ. ರಾಮಾಂಜಿನಪ್ಪನ ಅಣ್ಣನಿಗೂ ಇವೇ ಎರಡು ಕಾಯಿಲೆ ಇದ್ದವು. ಅವನು ಎರಡನ್ನೂ ಲೆಕ್ಕಕ್ಕಿಡದೆ ಓಡಾಡಿಕೊಂಡಿದ್ದು, ಕೊನೆಗೆ ಡಯಾಲಿಸಿಸ್‌ಗೆಂದು ಬೆಂಗಳೂರಿಗೆ ಹೋಗಿ ಬಂದು, ಹೋಗಿ ಬಂದು ಸೊರಗಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಗಂಡನನ್ನು ಹಾಗೆ ನೋಡುವ ಶಕ್ತಿ ತನಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ದೊಡ್ಡಬೆಳವಂಗಲದ ಅವರ ಬೀದಿಯಲ್ಲಿ ಅವತ್ತು ಬಾಡಿನ ಸಾರು ಕುದಿಯದ ಮನೆಯಿಲ್ಲ. ಅವತ್ತು ಏನು ನಡೆಯುತ್ತದೋ ಅದೇ ವರ್ಷವೆಲ್ಲ ನಡೆಯುತ್ತದೆಂಬುದು ಅಲ್ಲಿಯ ನಂಬಿಕೆ. ಅವತ್ತು ಅಳಬಾರದು, ಜಗಳವಾಡಬಾರದು, ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬಾರದು. ಹೀಗಾಗಿ ಆ ಬೀದಿಯಲ್ಲಿ ಹೊಸತೊಡಕಿನ ದಿನ ಯಾರೂ ಯಾರನ್ನೂ ಬೈಯುವುದಿಲ್ಲ. ಬೈಯಲೇಬೇಕು ಅನ್ನಿಸಿದಾಗ ಹಲ್ಲು ಕಚ್ಚಿಕೊಂಡು ಹರಸುತ್ತಾರೆ.

ರಾಮಾಂಜಿನಪ್ಪ ಬೆಳಗಿನ ಜಾವವೇ ಎದ್ದು ಹುಣಸೆ ತೋಪಿಗೆ ಹೋದ. ಬೀದಿಯವರೆಲ್ಲ ಕೂಡಿ ಮರಿ ಕೊಯ್ಸಿ, ಟಾರ್ಪಾಲಿನ ಮೇಲೆ ಸಮಸಮವಾಗಿ ಗುಡ್ಡೆ ಹಾಕಿಸಿ, ಮನೆಗೊಂದು ಗುಡ್ಡೆ ಹಂಚಿಕೊಳ್ಳುವುದು ವಾಡಿಕೆ. ಹಂಚುವ ಯಜಮಾನಿಕೆ ಎದುರುಮನೆಯ ಬೈರಣ್ಣನದು. ಅವನ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಒಬ್ಬನೇ ಇರುವವನಿಗೆ ಒಂದು ಗುಡ್ಡೆ ಯಾಕೆ ಎಂದು ಎಲ್ಲರೂ ಯೋಚಿಸುತ್ತಿರುವಾಗಲೇ, ಈಲಿ, ಅಂದರೆ ಲಿವರ್, ಜಾಸ್ತಿ ಇದ್ದ ಗುಡ್ಡೆಯನ್ನು ಬೈರಣ್ಣ ತನ್ನ ಚೀಲಕ್ಕೆ ತುಂಬಿಕೊಂಡ. ರಾಮಾಂಜಿನಪ್ಪನ ಕಣ್ಣು ಬೆಳಗಿನಿಂದ ಅದೇ ಗುಡ್ಡೆಯ ಮೇಲಿತ್ತು.

"ಚೆನ್ನಾಗಿರು ಬೈರಣ್ಣ," ಎಂದ, ದವಡೆ ಬಿಗಿದುಕೊಂಡು.

"ನೀನೂ ಚೆನ್ನಾಗಿರಪ್ಪ," ಎಂದ ಬೈರಣ್ಣ.

ಆ ಸಿಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಅವನು ಬಿರಬಿರನೆ ಮನೆಗೆ ಬಂದ. ಅನಸೂಯ ಚೀಲ ಇಸಕೊಂಡು, ಇನ್ನೊಂದು ಕೈಯಲ್ಲಿ ಪಟ್ಟಿ ಹಿಡಿದಿದ್ದಳು. ಮಿಷನ್ ಗೊರಗೊರ ಎಂದು ತೋಳು ಹಿಸುಕಿ, ಬಿಟ್ಟು, ನೂರಾ ಅರವತ್ತೆರಡು ತೋರಿಸಿತು.

"ನಿಮಗೆ ಇವತ್ತು ಮಸೊಪ್ಪಿನ ಸಾರು," ಎಂದಳು ಅನಸೂಯ.

"ಈಗಿನ್ನೂ ನಡ್ಕೊಂಡ್ ಬಂದಿದ್ದೀನಿ ಕಣೇ. ಐದು ನಿಮಿಷ ಸುಮ್ನೆ ಕೂತು ಆಮೇಲೆ ನೋಡ್ಬೇಕು ಅಂತ ಡಾಕ್ಟರೇ ಹೇಳಿಲ್ವಾ?"

ಡಾಕ್ಟರ ಹೆಸರು ಬಂದದ್ದರಿಂದ ಅವಳು ಸ್ವಲ್ಪ ಇಳಿದಳು. "ಸರಿ, ಊಟಕ್ಕೆ ಮುಂಚೆ ಇನ್ನೊಂದ್ಸಲ. ಮೂವತ್ತೈದರೊಳಗೆ ಬಂದ್ರೆ ಮುದ್ದೆ ಜೊತೆ ನಾಕು ಪೀಸು ಬಡಿಸ್ತೀನಿ. ಬರ್ಲಿಲ್ಲ ಅಂದ್ರೆ ಇಲ್ಲ. ಇವತ್ತು ಜಾಸ್ತಿ ಬಂದ್ರೆ ವರ್ಷ ಪೂರ್ತಿ ಜಾಸ್ತಿನೇ. ನಂಗೆ ಭಯ ಆಗುತ್ತೆ ಕಣ್ರೀ." ಅವಳ ದನಿ ಸಣ್ಣಗಾಗಿತ್ತು.

ಮಿಷನ್ನಿನ ಜೊತೆ ಬಂದ ನಿಯಮಗಳು ಅವನಿಗೆ ಬಾಯಿಪಾಠವಾಗಿದ್ದವು. ಬೆನ್ನು ಕುರ್ಚಿಗೆ ಆನಿಸಬೇಕು, ಪಾದ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಬಾರದು, ಮಾತಾಡಬಾರದು, ಅದಕ್ಕೆ ಮುಂಚೆ ಕಾಫಿ ಕುಡಿದಿರಬಾರದು. ಮೂತ್ರ ಕಟ್ಟಿಕೊಂಡೂ ಕೂರಬಾರದು. ಸಕ್ಕರೆ ಕಾಯಿಲೆಯವನಿಗೆ ಕೊನೆಯದೇ ಕಷ್ಟ. ನಾಷ್ಟಾ ಮಾಡಿ ಮಾತ್ರೆ ನುಂಗಿ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿದರೆ ಸಾಕು, ಎದ್ದು ಬಚ್ಚಲ ಕಡೆ ಹೋಗಬೇಕಾಗುತ್ತಿತ್ತು. ಬಂದು ಕೂತರೆ ಒಳಗಿನಿಂದ ಮಸಾಲೆ ಹುರಿಯುವ ಘಮ ಬಂದು ಎದೆ ಡವಗುಟ್ಟುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಮುನಿವೆಂಕಟಮ್ಮಜ್ಜಿ ಬಂದಳು. ಹಿಂದೆಯೇ ಅವಳ ಸೊಸೆ ವಾಣಿಶ್ರೀ.

"ಏನ್ಲಾ ರಾಮಾಂಜಿ, ಹಬ್ಬದ ದಿನ ಹಿಂಗ್ ಬಿಗ್ದುಕೊಂಡು ಕೂತಿದ್ದೀಯ. ಫೋಟೋ ತೆಗೆಯೋರು ಬರ್ತಾರಾ?"

ರಾಮಾಂಜಿನಪ್ಪ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

"ಮಾತಾಡಲ್ವಂತೆ ನೋಡೇ ವಾಣಿ. ಹೊಸತೊಡಕಿನ ದಿನ ಮಾತು ಬಿಟ್ಟವನೆ, ಇನ್ನು ವರ್ಷ ಪೂರ್ತಿ ಮೂಗ."

"ಬಿಪಿ ನೋಡ್ಕೋತಾ ಇದ್ದೀನಿ ಅಜ್ಜಿ," ಎಂದು ಅವನು ಬಾಯಿ ಬಿಟ್ಟ. ಐದು ನಿಮಿಷ ಮತ್ತೆ ಮೊದಲಿನಿಂದ ಶುರುವಾಗಬೇಕಾಯಿತು.

"ಅದೇನು ನಂಗೂ ನೋಡ್ಲಾ," ಎಂದು ಅಜ್ಜಿ ತೋಳು ಚಾಚಿದಳು. ಇಲ್ಲ ಅನ್ನುವಂತಿಲ್ಲ. ಅಜ್ಜಿಯ ತೋಳಿಗೆ ಪಟ್ಟಿ ಎರಡು ಸುತ್ತು ಬಂತು. ಕೂರಿಸಿ, ಸುಮ್ಮನಿರಿಸಿ ನೋಡಿದರೆ ನೂರಾ ಎಪ್ಪತ್ತು ದಾಟಿತ್ತು.

ಬಾಗಿಲಿಗೆ ಬಂದ ಅನಸೂಯ ತನ್ನ ಮನೆಯ ಕಾನೂನನ್ನು ವಾಣಿಶ್ರೀಗೆ ವಿವರಿಸಿದಳು. ವಾಣಿಶ್ರೀಯ ಮುಖ ಅರಳಿತು. ಅತ್ತೆಗೆ ಏನಾದರೂ ಬೇಡ ಅನ್ನುವ ಅವಕಾಶ ಅವಳಿಗೆ ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲ. "ಅತ್ತೆ, ನಿಮಗೂ ಇವತ್ತು ಸೊಪ್ಪೇ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು," ಎಂದಳು.

ಅಜ್ಜಿ ರಾಮಾಂಜಿನಪ್ಪನ ಮುಖವನ್ನೇ ದಿಟ್ಟಿಸಿದಳು. ಬಾಯಲ್ಲಿ ಏನೇನೋ ಬಂದು ಸಾಲುಗಟ್ಟಿ ನಿಂತದ್ದು ಕಾಣುತ್ತಿತ್ತು. ಕಡೆಗೆ, "ನಿನ್ ಮನೆ ಬೆಳಗ್ಲಿ ಕಣ್ಲಾ. ನಿನ್ ಹೊಟ್ಟೆ ತಣ್ಣಗಿರ್ಲಿ. ನಿನ್ ವಂಶ ಊರಗಲ ಹಬ್ಲಿ," ಎಂದು ಒಂದೊಂದೇ ಮಾತನ್ನು ಕಲ್ಲಿನಂತೆ ಎಸೆದು ಹೊರಟಳು.

ಸುದ್ದಿ ಮನೆಯಿಂದ ಮನೆಗೆ ಹೋಯಿತು. ಗಂಡಂದಿರ ಬಿಪಿ ತಿಳಿಯಬೇಕೆಂಬ ಆಸೆ ಬೀದಿಯ ಹೆಂಗಸರಿಗೆಲ್ಲ ಒಟ್ಟಿಗೇ ಹುಟ್ಟಿತು. ಮೊದಲು ವಾಣಿಶ್ರೀ, ಹೊಂಗೆಮರದ ಕೆಳಗೆ ಇಸ್ಪೀಟು ಆಡುತ್ತಿದ್ದ ಗಂಡ ವೇಣುಗೋಪಾಲನನ್ನು ಎಬ್ಬಿಸಿಕೊಂಡು ಬಂದಳು. ಅವನು ಬೆಳಗಿನಿಂದ ಸೋತು ಸೋತು ಕೆಂಪಗಾಗಿದ್ದ. ಹಾಲಿನ ಡೈರಿಯ ಕಾರ್ಯದರ್ಶಿ ಬಂದ, ಟೆಂಪೋ ಓಡಿಸುವವನು ಬಂದ. ಯಾರೂ ಐದು ನಿಮಿಷ ಸುಮ್ಮನೆ ಕೂರಲಿಲ್ಲ. ಬಂದವರೆಲ್ಲ ಮಾತಾಡುತ್ತಲೇ ತೋಳು ಕೊಟ್ಟರು, ಮಿಷನ್ ಅವರಿಗೆಲ್ಲ ಧಾರಾಳವಾಗಿ ನಂಬರು ಕೊಟ್ಟಿತು.

"ರಾಮಾಂಜಣ್ಣ, ಇನ್ನೊಂದ್ಸಲ ನೋಡಣ್ಣ. ಮಿಷನ್ ಬಿಸಿಯಾಗಿರ್ಬೇಕು," ಎಂದ ವೇಣುಗೋಪಾಲ.

"ನೂರಾ ಐವತ್ತಾರು ಅಂತ ನಾನೇ ನೋಡ್ದೆ. ಏಳಿ ಮೇಲೆ," ಎಂದಳು ವಾಣಿಶ್ರೀ.

ವೇಣುಗೋಪಾಲ ಎದ್ದು ನಿಂತು ರಾಮಾಂಜಿನಪ್ಪನ ಕೈ ಹಿಡಿದುಕೊಂಡು ಬೆರಳುಗಳನ್ನು ಗಟ್ಟಿಯಾಗಿ ಅದುಮಿದ. "ನಿನ್ ಉಪಕಾರ ಜನ್ಮದಲ್ಲಿ ಮರೆಯಲ್ಲಣ್ಣ. ದೇವ್ರು ನಿನ್ನ ತಂಪಾಗಿಡ್ಲಿ," ಎಂದ. ಹೀಗೆ ಹಾರೈಕೆ ಹೊತ್ತು ಹೊತ್ತು ರಾಮಾಂಜಿನಪ್ಪನ ಎದೆ ಭಾರವಾಗುತ್ತ ಹೋಯಿತು.

ಬಾರದೆ ಉಳಿದವನು ಬೈರಣ್ಣ ಒಬ್ಬನೇ. ಅವನು ಎದುರು ಜಗಲಿಯಲ್ಲಿ ಕಾಲು ಚಾಚಿ ಇದನ್ನೆಲ್ಲ ನೋಡುತ್ತಿದ್ದ.

"ಬಾರಲಾ, ನಿಂದೂ ನೋಡ್ತೀನಿ," ಎಂದು ರಾಮಾಂಜಿನಪ್ಪ ಕರೆದ. ಈಲಿಯ ನೆನಪು ಇನ್ನೂ ಹಸಿಯಾಗಿತ್ತು.

"ಊಟ ಆದ್ಮೇಲೆ ನೋಡಣ. ನನ್ ಮೈ ನನ್ ತಂಟೆಗೆ ಬಂದಿಲ್ಲ, ನಾನ್ಯಾಕೆ ಅದರ ತಂಟೆಗೆ ಹೋಗ್ಲಿ?" ಎಂದ ಬೈರಣ್ಣ. ಅವನ ನಂಬರು ಹೇಳಿ ಅಡ್ಡಗಾಲು ಹಾಕಲು ಮನೆಯಲ್ಲಿ ಹೆಂಡತಿಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಒಂದು ಸ್ಟೀಲ್ ಕ್ಯಾರಿಯರ್ ಹಿಡಿದು ಬೀದಿಯ ಆ ತುದಿಯಿಂದ ಹೊರಟ.

ಊಟದ ಹೊತ್ತಾಯಿತು. ಬಂದವರೆಲ್ಲ ಹೋಗಿದ್ದರು. ಸಿಟ್ಟು ಮಾಡಿಕೊಳ್ಳಲು ಕೂಡ ರಾಮಾಂಜಿನಪ್ಪನಲ್ಲಿ ತ್ರಾಣ ಉಳಿದಿರಲಿಲ್ಲ. ಬಚ್ಚಲಿಗೆ ಹೋಗಿ ಬಂದು, ಕುರ್ಚಿಗೆ ಒರಗಿ, ಪಾದ ನೆಲಕ್ಕೂರಿ ಕಣ್ಣು ಮುಚ್ಚಿದ. ಐದು ನಿಮಿಷ ಒಬ್ಬರೂ ಬರಲಿಲ್ಲ. ಅನಸೂಯ ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು.

ನೂರಾ ಮೂವತ್ತೆರಡು.

ಅನಸೂಯ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತು ಅಳಬಾರದೆಂಬುದು ನೆನಪಾಗಿ ನಕ್ಕಳು. "ಬನ್ರೀ, ಬಡಿಸ್ತೀನಿ. ನಾಕಲ್ಲ, ಆರು ಪೀಸು ತಿನ್ನಿ," ಎಂದಳು. ಮುದ್ದೆ ಬಂತು, ಸಾರು ಬಂತು, ಮೂಳೆಯ ಸಂದಿಯಲ್ಲಿ ಒಂದು ಚೂರು ಈಲಿಯೂ ಕಂಡಿತು. ಅಲ್ಲಿಗೇ ಕೈ ಹಾಕಿ ಬಾಯಿಗಿಟ್ಟಿದ್ದರೆ ರಾಮಾಂಜಿನಪ್ಪ ಗೆದ್ದಿರುತ್ತಿದ್ದ. ಆದರೆ ಸಂತೋಷ ಹೆಚ್ಚಾದಾಗ ಅವನಿಗೆ ಧಾರಾಳ ಬರುತ್ತಿತ್ತು.

"ಬೀದಿಯೋರ್ದೆಲ್ಲ ನೋಡಿದ್ದಾಯ್ತು. ನಿಂದೊಂದು ನೋಡ್ಬಿಡಣ, ಕೂತ್ಕೋ ಬಾ," ಎಂದ.

"ನಂಗೇನಾಗಿದೆ? ಆರಿ ಹೋಗುತ್ತೆ, ತಿನ್ನಿ."

"ಇವತ್ತು ಇಲ್ಲ ಅನ್ಬಾರ್ದು ಕಣೇ."

ಅವಳು ಕೈ ಒರೆಸಿಕೊಂಡು ಬಂದು ಕೂತಳು. ಐದು ನಿಮಿಷ ಕೂರಿಸಿದ. ಮಿಷನ್ ಮತ್ತೆ ಗೊರಗೊರ ಅಂದಿತು. ನೂರಾ ಎಪ್ಪತ್ತೆಂಟು. ಅವನು ಪಟ್ಟಿ ಬಿಚ್ಚಿ, ಸರಿಯಾಗಿ ಸುತ್ತಿ, ಇನ್ನಷ್ಟು ಹೊತ್ತು ಕೂರಿಸಿ ಮತ್ತೆ ನೋಡಿದ. ನೂರಾ ಎಪ್ಪತ್ನಾಲ್ಕು.

ಇಷ್ಟು ವರ್ಷ ಅವನ ಮಾತ್ರೆ, ಅವನ ಸಕ್ಕರೆ, ಅವನ ಪಾದದ ಗಾಯ, ಎಲ್ಲ ನೋಡಿಕೊಂಡವಳು ಅವಳು. ಅವಳ ತೋಳಿಗೆ ಒಂದು ಸಲ ಪಟ್ಟಿ ಕಟ್ಟಿಸಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ತಕ್ಷಣ ಡಾಕ್ಟರಿಗೆ ಫೋನು ಮಾಡಿದ. ಅವರು, "ತಲೆನೋವು, ಎದೆನೋವು, ಉಸಿರು ಕಟ್ಟೋದು ಏನಾದ್ರೂ ಇದ್ರೆ ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಏನೂ ಇಲ್ಲ ಅಂದ್ರೆ ಇವತ್ತು ಉಪ್ಪು ಕಮ್ಮಿ ಮಾಡಿ, ಮಲಗ್ಲಿ. ಬೆಳಿಗ್ಗೆ ಮೊದ್ಲು ಅವರನ್ನ ಕರ್ಕೊಂಡ್ ಬನ್ನಿ," ಎಂದರು. ಅಂಥದ್ದೇನೂ ಇಲ್ಲ ಎಂದು ಅನಸೂಯ ತಲೆಯಾಡಿಸಿದಳು.

"ನಂದು ಹಾಳಾಗ್ಲಿ, ನೀವು ಉಣ್ಣಿ," ಎಂದು ಅವಳು ಗಂಡನಿಗೆಂದು ಉಪ್ಪಿಲ್ಲದೆ ಮಾಡಿಟ್ಟಿದ್ದ ಮಸೊಪ್ಪಿನ ಸಾರನ್ನು ತನ್ನ ತಟ್ಟೆಗೆ ಬಡಿಸಿಕೊಂಡಳು. ರಾಮಾಂಜಿನಪ್ಪ ಆ ಈಲಿಯ ಚೂರನ್ನು ಎತ್ತಿದ. ಎದುರಿಗೆ ಅವಳು ಮುದ್ದೆಯನ್ನು ಸೊಪ್ಪಿನಲ್ಲಿ ಅದ್ದುತ್ತಿದ್ದಳು. "ನಂಗೂ ಅದೇ ಹಾಕು. ಇದನ್ನ ಫ್ರಿಜ್ಜಿನಲ್ಲಿಡು, ನೀನು ಹುಷಾರಾದ್ಮೇಲೆ ಇಬ್ರೂ ತಿನ್ನಣ," ಎಂದು ಪೀಸನ್ನು ವಾಪಸ್ಸು ಪಾತ್ರೆಗೆ ಹಾಕಿದ.

ಬಾಗಿಲಲ್ಲಿ ಕ್ಯಾರಿಯರ್ ಸದ್ದಾಯಿತು.

"ಏನ್ ರಾಮಾಂಜಿ, ಒಂದ್ ಸೌಟು ಸಾರಿದ್ರೆ ಹಾಕಪ್ಪ. ಒಬ್ನೇ ಇದ್ದೀನಿ," ಎಂದ ಬೈರಣ್ಣ. ಬೀದಿಯ ಪ್ರತಿ ಮನೆಯಲ್ಲೂ ಅವನು ಇದನ್ನೇ ಕೇಳಿಕೊಂಡು ಬಂದಿದ್ದ, ಯಾರೂ ಇಲ್ಲ ಅಂದಿರಲಿಲ್ಲ. ರಾಮಾಂಜಿನಪ್ಪ ಪಾತ್ರೆ ನೋಡಿದ, ಅನಸೂಯಳನ್ನು ನೋಡಿದ. ಇಲ್ಲ ಅನ್ನುವಂತಿಲ್ಲ, ಪಾತ್ರೆಯನ್ನೇ ಬಗ್ಗಿಸಿದ. ಕ್ಯಾರಿಯರಿನಲ್ಲಿ ಉಳಿದಿದ್ದ ಡಬ್ಬಿ ದೊಡ್ಡದಿತ್ತು, ಪಾತ್ರೆಯಲ್ಲಿದ್ದದ್ದೆಲ್ಲ ಹಿಡಿಸಿತು.

ಸಂಜೆ ಬೀದಿಯ ಗಂಡಸರು ಸೊಪ್ಪಿನ ತೇಗು ತೇಗುತ್ತ ರಾಮಾಂಜಿನಪ್ಪನ ಜಗಲಿಯ ಮುಂದೆ ಸೇರಿದರು. ಅಜ್ಜಿಯೂ ಬಂದಳು. ಬೈರಣ್ಣ ಬಾಯಲ್ಲಿ ಕಡ್ಡಿ ಆಡಿಸುತ್ತ ಬಂದು ತಾನೇ ಕುರ್ಚಿಯ ಮೇಲೆ ಕೂತು ತೋಳು ಚಾಚಿದ. "ಊಟ ಆದ್ಮೇಲೆ ಅಂದಿದ್ದೆ, ಈಗ ನೋಡಪ್ಪ," ಎಂದ.

ಬೀದಿಗೆ ಬೀದಿಯೇ ಮುಂದೆ ಬಾಗಿತು. ಇನ್ನೂರು ಬರಲಿ ಎಂದು ಎಷ್ಟು ಜನ ಹಾರೈಸಿದರೋ ಅವರವರಿಗೇ ಗೊತ್ತು. ಬೈರಣ್ಣ ಐದು ನಿಮಿಷ ಕಣ್ಣು ಮುಚ್ಚಿ, ಪಾದ ನೆಲಕ್ಕೂರಿ, ಮಾತಿಲ್ಲದೆ ಕೂತ. ಅವತ್ತಿಡೀ ಎದುರು ಜಗಲಿಯಿಂದ ನೋಡಿ ನೋಡಿ ನಿಯಮವನ್ನೆಲ್ಲ ಕಲಿತವನು ಅವನೊಬ್ಬನೇ.

ನೂರಾ ಹದಿನೆಂಟು.

ಬೈರಣ್ಣ ಪಟ್ಟಿ ಬಿಚ್ಚಿಕೊಂಡು, ಅದನ್ನು ಅಕ್ಕರೆಯಿಂದ ರಾಮಾಂಜಿನಪ್ಪನ ತೋಳಿಗೆ ಸುತ್ತಿ ಗುಂಡಿ ಒತ್ತಿದ. "ಇವತ್ತು ನಡೆದಿದ್ದು ವರ್ಷ ಪೂರ್ತಿ ನಡೆಯುತ್ತಂತಲ್ಲಪ್ಪ. ಬಾಡು ಮಾಡಿದಾಗೆಲ್ಲ ಕ್ಯಾರಿಯರ್ ತಗೊಂಡ್ ಬರ್ತೀನಿ. ಉಂಡಾದ್ಮೇಲೆ ಬಂದು ಬಿಪಿನೂ ನೋಡಿಸ್ಕೊಂಡ್ ಹೋಗ್ತೀನಿ. ಆಗಲ್ವಾ?"

ತೋಳಿನ ಮೇಲೆ ಪಟ್ಟಿ ಬಿಗಿಯುತ್ತ ಬಿಗಿಯುತ್ತ ಹೋಯಿತು, ಮಿಷನ್ ನೂರಾ ಅರವತ್ತೆಂಟಕ್ಕೆ ನಿಂತಿತು. ಹೊಸತೊಡಕಿನ ಸೂರ್ಯ ಇನ್ನೂ ಮುಳುಗಿರಲಿಲ್ಲ.

"ಬಾರಪ್ಪ," ಎಂದ ರಾಮಾಂಜಿನಪ್ಪ, ಹಲ್ಲು ಕಚ್ಚಿಕೊಂಡು. "ನೂರು ವರ್ಷ ಚೆನ್ನಾಗಿ ಬಾಳು."